ಬೇಕಲದ ಕೋಟೆಯಲ್ಲಿ ಹಿಡಿದ ಪ್ರಭಾಮಂಡಲ

ಅಮಾವಾಸ್ಯೆಯ ಆಸುಪಾಸಿನ ರಾತ್ರಿಗಳಲ್ಲಿ ಅಂತರಗಂಗೆಯ ಬೆಟ್ಟವನ್ನೇರಿ ಕ್ಯಾಮರಾ ಹೂಡಿ ನಕ್ಷತ್ರಗಳ ಚಿತ್ರವನ್ನು ತೆಗೆಯುವ ತರುಣರು ಈಗ ನಮ್ಮ ಕೋಲಾರ ಸೀಮೆಯಲ್ಲಿ ಅಪರೂಪವಲ್ಲ. ಒಂದು ಚಿತ್ರ ಕೆಟ್ಟರೆ ಮರುಕ್ಷಣದಲ್ಲಿ ಮತ್ತೊಂದನ್ನು ತೆಗೆಯುವ ಅನುಕೂಲ ಅವರಿಗುಂಟು. ಅಂತಹ ಅನುಕೂಲವೇನೂ ಇಲ್ಲದೆ ಕನ್ನಡನಾಡಿನ ಅಂಚಿನಲ್ಲಿ ಆಕಾಶದ ಛಾಯಾಚಿತ್ರವನ್ನು ತೆಗೆದವರ ವೃತ್ತಾಂತವೊಂದನ್ನು ವಾಚಕರ ಮುಂದಿಡುತ್ತೇನೆ.

1871ನೆಯ ಇಸವಿ ಡಿಸೆಂಬರ್ 12ರ ಬೆಳಿಗ್ಗೆ ಖಗ್ರಾಸ ಸೂರ್ಯಗ್ರಹಣ ಸಂಭವಿಸಿತು. ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳವರಿಗೆ ಕಂಡುದು ಖಂಡಗ್ರಹಣ ಮಾತ್ರ. ಪೂರ್ಣಚ್ಛಾಯೆಯು ಬೇಕಲದ ಕಡಲತೀರದಿಂದ ನೀಲಗಿರಿಯತ್ತ ಹಾಯ್ದುಹೋಯಿತು. ಬೇಕಲದಲ್ಲಿರುವುದು ಕೆಳದಿಯ ಶಿವಪ್ಪನಾಯಕನು ಕಟ್ಟಿಸಿದನೆನ್ನಲಾಗುವ ಕೋಟೆ. ಆಗ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, 1956ರಿಂದ ಕೇರಳದ ಪಾಲಾಗಿರುವ ಆ ಕೋಟೆಯಲ್ಲಿ ಆಂಗ್ಲ ವಿಜ್ಞಾನಿ ನಾರ್ಮನ್ ಲಾಕಿಯರನು ತನ್ನ ತಂಡದೊಡನೆ ಬೀಡುಬಿಟ್ಟಿದ್ದನು.

ಗ್ರಹಣಕಾಲದಲ್ಲಿ ಸೂರ್ಯನ ಸುತ್ತ ತೋರುವ ಬೆಳ್ಳನೆಯ ಪ್ರಭಾಮಂಡಲವು ಸೂರ್ಯನದೇ, ಅಥವಾ ನಮ್ಮ ವಾಯುಮಂಡಲದಲ್ಲಿ ಉಂಟಾಗುವ ಬೆಳಕಿನ ತೋರಿಕೆಯೇ ಎಂಬ ವಿವಾದ ಆಗಿನ್ನೂ ಪೂರ್ತಿಯಾಗಿ ತೀರಿರಲಿಲ್ಲ. ಕೈಯಿಂದ ಬರೆದ ಚಿತ್ರಗಳನ್ನು ನಂಬುವಂತಿರಲಿಲ್ಲ. ಒಬ್ಬನು ಬರೆದುದು ಮತ್ತೊಬ್ಬನದನ್ನು ಹೋಲುತ್ತಿರಲಿಲ್ಲ. ಆದುದರಿಂದ ಛಾಯಾಚಿತ್ರವೇ ಸಾಕ್ಷಿ ನುಡಿಯಬೇಕಾಗಿತ್ತು. ಆ ಕಾಲದ ಕ್ರಮವೋ ಬಹು ತೊಡಕಿನದು. ಗಾಜಿನ ಫಲಕಕ್ಕೆ ಕೊಲೋಡಿಯನ್ ಎಂಬ ಅಂಟುದ್ರವವನ್ನು ಬಳಿದು, ಕತ್ತಲೆಯ ಕೋಣೆಯಲ್ಲಿ ಬೆಳ್ಳಿಯ ಲವಣದ ನೀರಿನಲ್ಲಿ ಅದ್ದಿ, ಹಸಿಯಾರುವುದರೊಳಗಾಗಿ ಬಿಂಬವನ್ನು ಹಿಡಿದು ತೊಳೆದು ಮುಗಿಸಬೇಕು. ನಮ್ಮ ಸೆಕೆಯಲ್ಲಿ ಅದು ಇನ್ನೂ ಬೇಗ ಆರುವುದು. ಖಗ್ರಾಸವಿದ್ದುದೋ ಸುಮಾರು ಎರಡು ನಿಮಿಷ.

ಇಷ್ಟರ ಮೇಲೆ ಇನ್ನೊಂದು ವಿಘ್ನ. ಸೂರ್ಯನನ್ನು ನುಂಗುವ ರಾಕ್ಷಸನನ್ನು ಓಡಿಸಲೆಂದು ಹೊರಗೆ ನೆರೆದ ಜನರು ಬೆಂಕಿ ಹಾಕಿದರು. ಹೊಗೆಯು ದೂರದರ್ಶಕಗಳಿಗೆ ಅಡ್ಡವಾಗುವ ಭಯವುಂಟಾಗಿ ಪೋಲೀಸಿನವರು ಅದನ್ನು ಆರಿಸಬೇಕಾಯಿತು. ನಾವು ನಗಬೇಕಾದುದಿಲ್ಲ. ಗ್ರಹಣದ ದಿನ ಉಪ್ಪಿನಕಾಯಿಯ ಜಾಡಿಯ ಮೇಲೆ ದರ್ಭೆಯಿಡುವ ಮನೆಗಳು ನಮ್ಮಲ್ಲಿಯೂ ಉಂಟು.

ಲಾರ್ಡ್ ಲಿಂಡ್ಸೆಯವರ ಸಹಾಯಕನಾದ ಡೇವಿಸನು ಆ ಅಲ್ಪಕಾಲದಲ್ಲಿ ಐದು ಚಿತ್ರಗಳನ್ನು ತೆಗೆದನು. ಅದೇ ಬೆಳಿಗ್ಗೆ, ಸುಮಾರು 130 ಮೈಲಿ ದೂರದಲ್ಲಿ, 8,600 ಅಡಿಗೂ ಎತ್ತರವಾದ ದೊಡ್ಡಬೆಟ್ಟದ ಮೇಲೆ ಕರ್ನಲ್ ಟೆನೆಂಟನ ತಂಡದವರೂ ಚಿತ್ರಗಳನ್ನು ತೆಗೆದರು. ಪ್ರಭೆಯು ವಾಯುಮಂಡಲದ ಆಟವಾಗಿದ್ದಲ್ಲಿ, ಕಡಲ ಮಟ್ಟದಲ್ಲಿ ಒಂದು ಬಗೆಯಾಗಿಯೂ ಗಿರಿಶಿಖರದಲ್ಲಿ ಮತ್ತೊಂದು ಬಗೆಯಾಗಿಯೂ ತೋರಬೇಕಾಗಿತ್ತು. ಎರಡು ಕಡೆಯ ಫಲಕಗಳನ್ನು ಹೋಲಿಸಿ ನೋಡಿದಾಗ ಅದೇ ಕಿರಣಗಳು, ಅದೇ ಬಿರುಕುಗಳು, ಅದೇ ಸ್ಥಾನಗಳಲ್ಲಿ ಕಂಡುಬಂದುವು. ಪ್ರಭಾಮಂಡಲವು ಸೂರ್ಯನ ಸ್ವಂತದ್ದೆಂಬುದಕ್ಕೆ ಬೇಕಲದ ಆ ಐದು ಗಾಜುಗಳು ಹೀಗೆ ಸಾಕ್ಷಿಯಾದುವು.