ಬೀದರಿನ ಸತುವು ಮತ್ತು ನೇರಳಾತೀತ ದೀಪದ ಇತಿಹಾಸ

ಬೀದರ ನಗರದ ಬಿದರಿ ಕಸಬಿನಲ್ಲಿ ಎರಕ ಹೊಯ್ಯುವ ಲೋಹದ ಬಹುಭಾಗವು ಸತುವು, ತಾಮ್ರವು ಅತ್ಯಲ್ಪ. ಬೆಳ್ಳಿಯನ್ನು ಕೂಡಿಸಿದ ತರುವಾಯ ಕೋಟೆಯ ಮಣ್ಣು ಮತ್ತು ನವಸಾಗರದ ಲೇಪವು ಸತುವನ್ನು ಕಪ್ಪಾಗಿಸಿ, ಬೆಳ್ಳಿಯನ್ನು ಹಾಗೆಯೇ ಬಿಡುತ್ತದೆ. ಕಸಬು ಬಹಮನಿ ಕಾಲದ್ದೆಂಬ ಪ್ರತೀತಿಯುಂಟು. ಆದರೆ ಉಳಿದುಬಂದಿರುವ ಹಳೆಯ ಮಾದರಿಗಳು 17ನೆಯ ಶತಮಾನಕ್ಕಿಂತ ಹಿಂದಿನವಾಗಿರುವುದು ವಿರಳ. ಇದೇ ಸತುವಿನ ಆಕ್ಸೈಡಿಗೆ ಇನ್ನೊಂದು ಇತಿಹಾಸವುಂಟು. ಅದನ್ನು ನಾವಿಲ್ಲಿ ವಿವೇಚಿಸುವೆವು.

ಈ ವಿಚಾರವು ಕೇವಲ ಕುತೂಹಲದ್ದಲ್ಲ. ಭಾಲ್ಕಿ, ಔರಾದ ತಾಲೂಕುಗಳ ಹಳ್ಳಿಗಳಲ್ಲಿ ಕುಡಿಯುವ ನೀರಿನ ರೋಗಾಣುಗಳನ್ನು ನೇರಳಾತೀತ ಕಿರಣದಿಂದ ಕೊಲ್ಲಬಹುದು. ಮಳೆಗಾಲದ ಮಾಂಜ್ರಾ ನದಿಯ ಕದಡಿದ ನೀರಿನಲ್ಲಿ ಮಾತ್ರ ಆ ಕಿರಣವು ತೂರದು, ಮೊದಲು ಸೋಸಲೇಬೇಕು. ಇದಕ್ಕೆ ಬಹುಕಾಲದಿಂದ ಬಳಕೆಯಲ್ಲಿರುವುದು ಪಾದರಸದ ದೀಪ. ಪಾದರಸವನ್ನು ಕಡಿಮೆಮಾಡಲು 2013ರಲ್ಲಿ ಮಿನಮಾಟಾ ಒಪ್ಪಂದವಾಯಿತು. ಒಡೆಯದ, ಬ್ಯಾಟರಿಯಿಂದ ಉರಿಯುವ ಡಯೋಡು ಬೇಕಾಯಿತು.

2001ರಲ್ಲಿ ಬರ್ಕ್ಲಿಯ ಪೈಡಾಂಗ್ ಯಾಂಗ್ ಮತ್ತು ಸಹವರ್ತಿಗಳು ಸತುವಿನ ಆಕ್ಸೈಡಿನ ನ್ಯಾನೋತಂತಿಗಳಿಂದ ಸಾಮಾನ್ಯ ಉಷ್ಣತೆಯಲ್ಲಿಯೇ ನೇರಳಾತೀತ ಲೇಸರ್ ಹೊರಡಿಸಿದರು. 2005ರಲ್ಲಿ ಜಪಾನಿನ ಸೆಂಡೈಯಿಂದ ಅದೇ ಪದಾರ್ಥದ ಡಯೋಡಿನ ವರದಿ ಬಂದಿತು. ಆದರೆ ಈ ಪದಾರ್ಥದಲ್ಲಿ ಧನವಾಹಕಗಳನ್ನು ಸ್ಥಿರವಾಗಿ ನಿಲ್ಲಿಸುವುದು ದುಸ್ಸಾಧ್ಯವಾಯಿತು. ಅಲ್ಲದೆ ಅದರ ಬೆಳಕು ಸುಮಾರು 380 ನ್ಯಾನೋಮೀಟರಿನದು. ರೋಗಾಣುಗಳಿಗೆ ಮಾರಕವಾದುದು 265ರ ಆಸುಪಾಸು. ಆದುದರಿಂದ ಬಿದರಿಯ ಲೋಹವೇ ನೀರನ್ನು ಶುದ್ಧಿಗೊಳಿಸುವ ದೀಪವಾದೀತೆಂಬುದು ಅತ್ಯುಕ್ತಿಯೆಂದೇ ನಮ್ಮ ಅಭಿಪ್ರಾಯ.

ಆ ಕೆಲಸವು ಅಲ್ಯೂಮಿನಿಯಂ ಗ್ಯಾಲಿಯಂ ನೈಟ್ರೈಡಿನ ಪಾಲಿಗೆ ಬಂದಿತು. ಇದರ ತೊಡಕು ಬೇರೆ: ಹರಳಿನ ದೋಷಗಳಲ್ಲಿ ವಿದ್ಯುತ್ತು ಶಾಖವಾಗಿ ಪೋಲಾಗುವುದು, ಹುಟ್ಟಿದ ಬೆಳಕೂ ಒಳಗೇ ಪ್ರತಿಫಲಿಸಿ, ಮೇಲ್ಪದರದಲ್ಲಿ ಹೀರಲ್ಪಡುವುದು. ನ್ಯಾನೋರಚನೆಯ ಉಪಯೋಗ ಇಲ್ಲಿಯೇ. ಬೆಂಗಳೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿ ಎಸ್. ಎಂ. ಶಿವಪ್ರಸಾದ್ ಮತ್ತು ಸಹವರ್ತಿಗಳು ಇದರ ಸಮೀಪಬಂಧುವಾದ ಗ್ಯಾಲಿಯಂ ನೈಟ್ರೈಡನ್ನು ಜೇನುಹುಟ್ಟಿನಂಥ ನ್ಯಾನೋಗೋಡೆಗಳಾಗಿ ಬೆಳೆಸಿ, ಚಪ್ಪಟೆ ಪದರಕ್ಕಿಂತ ಹೆಚ್ಚು ಬೆಳಕು ಹೊರಬರುವುದನ್ನು ತೋರಿಸಿದರು. 2017ರಲ್ಲಿ ಜಪಾನಿನ ಸಂಶೋಧಕರು ವಿನ್ಯಾಸ ಕೊರೆದ ನೀಲಮಣಿ ಫಲಕ, ಪಾರದರ್ಶಕ ಮೇಲ್ಪದರ ಮತ್ತು ಪ್ರತಿಫಲಕ ವಿದ್ಯುದ್ವಾರಗಳನ್ನು ಕೂಡಿಸಿ, 275 ನ್ಯಾನೋಮೀಟರಿನಲ್ಲಿ ಶೇಕಡ 20ನ್ನು ಮೀರಿದ ಬಾಹ್ಯ ಕ್ವಾಂಟಂ ದಕ್ಷತೆಯನ್ನು ಪಡೆದರು. ಅದು ಪ್ರಯೋಗಶಾಲೆಯ ಫಲ. ಅಗ್ಗದ ಪಾದರಸದ ದೀಪವಾದರೋ ತನ್ನ ವಿದ್ಯುತ್ತಿನ ಸುಮಾರು ಮೂರನೆಯ ಒಂದು ಭಾಗವನ್ನು 254 ನ್ಯಾನೋಮೀಟರಿನ ಕಿರಣವಾಗಿ ಮಾರ್ಪಡಿಸುತ್ತದೆ.