ತನ್ನ ಗಡ್ಡ, ತನ್ನ ಕತ್ತಿ: ಸ್ವಕ್ಷೌರದ ಕಲಿಕೆಯ ಚರಿತ್ರೆ

ಹಿಡಿಕೆಯೊಳಗೆ ಮಡಚಿಕೊಳ್ಳುವ, ಯಾವ ಕಾಪೂ ಇಲ್ಲದ ನೀಳ ಅಲಗಿನ ಕ್ಷೌರದ ಕತ್ತಿಯನ್ನು ಹಿಡಿದು ಗಂಡಸೊಬ್ಬನು ಕನ್ನಡಿಯೆದುರು ತನ್ನ ಗಡ್ಡವನ್ನು ತಾನೇ ತೆಗೆದುಕೊಳ್ಳುವುದು ಅನಾದಿಯಿಂದ ಬಂದ ರೂಢಿಯೆಂಬಂತೆ ತೋರಿದರೂ, ಯುರೋಪಿನಲ್ಲಿ ಅದು ಜನಬಳಕೆಯ ವಿದ್ಯೆಯಾಗಿ ಉಳಿದದ್ದು ಹೆಚ್ಚೆಂದರೆ ಒಂದೂವರೆ ಶತಮಾನ ಮಾತ್ರ. ಕತ್ತಿ ಹಳೆಯದು, ಅದನ್ನು ಸ್ವಂತ ಕೆನ್ನೆಯ ಮೇಲೆ ಆಡಿಸುವ ಕಲಿಕೆ ಹೊಸದು. ಹದಿನೆಂಟನೆಯ ಶತಮಾನದ ಉತ್ತರಾರ್ಧದಲ್ಲಿ ಪುಸ್ತಕ ಬರೆದು ಕಲಿಸಬೇಕಾದ ವಿದ್ಯೆಯಾಗಿ ಕಾಣಿಸಿಕೊಂಡ ಈ ಸ್ವಕ್ಷೌರವು ಇಪ್ಪತ್ತನೆಯ ಶತಮಾನದ ಮೊದಲ ಕೆಲವು ದಶಕಗಳಲ್ಲಿಯೇ ಮನೆಗಳಿಂದ ಬಹುಮಟ್ಟಿಗೆ ಮರೆಯಾಯಿತು. ಗಾಯದ ಭಯವೇ ಅದನ್ನು ಅಳಿಸಿತೆಂಬುದು ಸಾಮಾನ್ಯವಾಗಿ ಕೇಳಿಬರುವ ವಿವರಣೆ. ಆದರೆ ಆ ಕಾಲದ ಕೈಪಿಡಿಗಳನ್ನೂ ಉಕ್ಕಿನ ಚರಿತ್ರೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಹೊಸಬನನ್ನು ಸೋಲಿಸುತ್ತಿದ್ದದ್ದು ಮುಖದ ಮೇಲಿನ ಕೈಚಳಕಕ್ಕಿಂತ ಹೆಚ್ಚಾಗಿ ಅಲಗನ್ನು ಹರಿತವಾಗಿ ಇಟ್ಟುಕೊಳ್ಳುವ ಕೆಲಸವೇ ಎಂಬುದು ಸ್ಪಷ್ಟವಾಗುತ್ತದೆ.

ಸ್ವಕ್ಷೌರ ಹಬ್ಬುವುದಕ್ಕೆ ಹಿಂದೆ ಕ್ಷೌರವೆಂದರೆ ಇನ್ನೊಬ್ಬನ ಕೈಗೆ ಮುಖವನ್ನು ಒಪ್ಪಿಸುವುದೇ ಆಗಿತ್ತು. ಭಾರತದಲ್ಲಿ ಕತ್ತಿಯನ್ನು ಹೇಳುವ 'ಕ್ಷುರ' ಶಬ್ದವು ಋಗ್ವೇದದಷ್ಟು ಹಳೆಯದು, ಕ್ಷೌರವೆಂಬ ಮಾತು ಹುಟ್ಟಿದ್ದೂ ಅದರಿಂದಲೇ. ಗೃಹ್ಯಸೂತ್ರಗಳು ಹದಿನಾರನೆಯ ವರ್ಷಕ್ಕೆ ವಿಧಿಸುವ ಕೇಶಾಂತ ಅಥವಾ ಗೋದಾನವೆಂಬ ಸಂಸ್ಕಾರದಲ್ಲಿ ಬ್ರಹ್ಮಚಾರಿಯ ಗಡ್ಡಕ್ಕೆ ಮೊದಲ ಸಲ ಕತ್ತಿ ಸೋಕುತ್ತದೆಯಾದರೂ ಅದನ್ನು ಹಿಡಿಯುವವನು ಅವನಲ್ಲ. ಚೌಲದಲ್ಲಿ, ಅಂದರೆ ಮಗುವಿನ ಮೊದಲ ಮುಂಡನದಲ್ಲಿ, ಇವನನ್ನು ನೋಯಿಸಬೇಡವೆಂದು ಬೇಡುವ ಮಂತ್ರವೊಂದಿದ್ದು, ಆ ಬೇಡಿಕೆ ಕ್ಷೌರಿಕನಿಗಲ್ಲದೆ ನೇರವಾಗಿ ಕತ್ತಿಗೇ ಸಲ್ಲುತ್ತದೆ. ಅಪಾಯ ಎಲ್ಲಿದೆಯೆಂಬುದು ಮಂತ್ರ ಕಟ್ಟಿದವರಿಗೆ ಚೆನ್ನಾಗಿ ತಿಳಿದಿದ್ದಿರಬೇಕು. ಕರ್ನಾಟಕದ ಹಳ್ಳಿಗಳಲ್ಲಿ ಕ್ಷೌರಿಕನು ಆಯಗಾರರಲ್ಲಿ ಒಬ್ಬನಾಗಿದ್ದನು. ಸುಗ್ಗಿಯ ಕಣದಲ್ಲಿ ಧಾನ್ಯದ ಪಾಲು ಪಡೆದು ವರ್ಷವಿಡೀ ಊರಿಗೆ ಕೆಲಸ ಮಾಡಿಕೊಡುವ ಈ ಆಯದ ಏರ್ಪಾಟಿನಲ್ಲಿ ಸ್ವಕ್ಷೌರ ಕಲಿಯುವ ಅಗತ್ಯವೇ ಯಾರಿಗೂ ಬೀಳುತ್ತಿರಲಿಲ್ಲ.

ಯುರೋಪಿನ ನಗರಗಳಲ್ಲಿ ಈ ಕೆಲಸ ವೃತ್ತಿಸಂಘಗಳ ಹಿಡಿತದಲ್ಲಿತ್ತು. ಲಂಡನ್ನಿನಲ್ಲಿ ಕ್ಷೌರಿಕರೂ ಶಸ್ತ್ರವೈದ್ಯರೂ 1540ರಲ್ಲಿ ಒಂದೇ ಸಂಘವಾಗಿ ಕೂಡಿ 1745ರಲ್ಲಿ ಬೇರ್ಪಟ್ಟರು. ಅಷ್ಟರೊಳಗೆ ಒಬ್ಬಿಬ್ಬರು ಸ್ವಂತ ಪ್ರಯೋಗಕ್ಕೆ ಇಳಿದದ್ದುಂಟು. ಇಂಗ್ಲೆಂಡಿನ ನೌಕಾ ಆಡಳಿತದ ಅಧಿಕಾರಿಯಾಗಿದ್ದ ಸ್ಯಾಮ್ಯುಯೆಲ್ ಪೀಪ್ಸ್ 1662ರಲ್ಲಿ ರಂಧ್ರಗಲ್ಲಿನಿಂದ ಗಡ್ಡವನ್ನು ಉಜ್ಜಿ ತೆಗೆಯಲು ನೋಡಿ, 1664ರ ಜನವರಿಯಲ್ಲಿ ಕತ್ತಿಯನ್ನೇ ಕೈಗೆತ್ತಿಕೊಂಡು, ಇದರಿಂದ ಹಣವೂ ಸಮಯವೂ ಉಳಿಯುತ್ತದೆಯೆಂದು ತನ್ನ ದಿನಚರಿಯಲ್ಲಿ ಸಂತೋಷದಿಂದ ಬರೆದುಕೊಂಡನು. ಹೊಸಬನೊಬ್ಬನು ತನ್ನ ಕಲಿಕೆಯನ್ನು ತಾನೇ ದಾಖಲಿಸಿದ ಹಳೆಯ ಉದಾಹರಣೆಗಳಲ್ಲಿ ಇದೊಂದು.

ಆದರೆ ಪೀಪ್ಸನಿಗೆ ಕಲಿಸುವವರಿರಲಿಲ್ಲ. ಕಲಿಸಲು ಮುಂದೆ ಬಂದವನು ಪ್ಯಾರಿಸಿನ ಝಾನ್ ಝಾಕ್ ಪೆರೆ. ಅವನ ಕಸುಬು ಕ್ಷೌರವಲ್ಲ, ಕತ್ತಿ ಮಾಡುವುದು. 1769ರಲ್ಲಿ ಅವನು ಪ್ರಕಟಿಸಿದ 'ಲಾ ಪೊಗೊನೊತೊಮೀ' ಎಂಬ ಗ್ರಂಥದ ಹೆಸರು ಗಡ್ಡ ಮತ್ತು ಕತ್ತರಿಸುವಿಕೆ ಎಂಬ ಅರ್ಥಗಳ ಎರಡು ಗ್ರೀಕ್ ಪದಗಳಿಂದ ಕಟ್ಟಿದ್ದು. ತನಗೆ ತಾನೇ ಕ್ಷೌರ ಮಾಡಿಕೊಳ್ಳುವುದನ್ನು ಕಲಿಯುವ ಕಲೆ ಎಂಬುದು ಅದರ ಉಪಶೀರ್ಷಿಕೆಯ ತಾತ್ಪರ್ಯ. ಮುಖಪುಟದ ಆ ಉದ್ದನೆಯ ಶೀರ್ಷಿಕೆ ಅಲ್ಲಿಗೆ ನಿಲ್ಲದೆ, ಎಲ್ಲ ಬಗೆಯ ಮಸೆಗಲ್ಲುಗಳನ್ನು ಗುರುತಿಸುವ ರೀತಿ, ಕತ್ತಿಯನ್ನು ತೀಡುವ ಚರ್ಮವನ್ನು ಹದಮಾಡುವ ಕ್ರಮ ಇವುಗಳನ್ನೂ ಸೇರಿಸಿಕೊಂಡು, ಕೊನೆಗೆ ರಕ್ತ ತೆಗೆಯುವ ಚಿಕಿತ್ಸೆಯ ಬಗ್ಗೆ ಒಂದು ಮುಖ್ಯ ಟಿಪ್ಪಣಿಯನ್ನೂ ಕೊಡುವುದಾಗಿ ಸಾರುತ್ತದೆ. ಕ್ಷೌರದ ಪುಸ್ತಕ ರಕ್ತದಲ್ಲಿ ಮುಗಿಯುವುದು ಇಂದಿನ ಓದುಗನಿಗೆ ವಿನೋದವೆನಿಸಿದರೂ, ಕತ್ತಿ ಮಾಡುವವನೇ ಶಸ್ತ್ರವೈದ್ಯನ ಉಪಕರಣಗಳನ್ನೂ ಮಾಡುತ್ತಿದ್ದ ಕಾಲಕ್ಕೆ ಅದು ಸಹಜವೇ. ಬಡಗಿಯ ತೋಪಡದಿಂದ ಹೊಳೆದ ಕಲ್ಪನೆಯಂತೆ ಅಲಗಿಗೆ ಮರದ ಕಾಪು ತೊಡಿಸಿ, ಬಾಯಿ ಮಾತ್ರ ತುಸು ಹೊರಗೆ ಕಾಣುವಂತಹ ಕತ್ತಿಯನ್ನೂ ಪೆರೆ ರೂಪಿಸಿದ್ದನು.

ಹೊಸಬನು ಕಲಿಯಬೇಕಾಗಿದ್ದ ಕೈಕೆಲಸ ಹೇಳಲು ಸರಳ. ಕತ್ತಿಗೆ ದಪ್ಪನಾದ ಬೆನ್ನು, ತೆಳುವಾದ ಬಾಯಿ, ಹಿಡಿಕೆಯ ಆಚೆಗೆ ಚಾಚಿಕೊಳ್ಳುವ ಬಾಲ ಎಂಬ ಭಾಗಗಳಿದ್ದು, ಬೆರಳುಗಳು ಹಿಡಿಯುವುದು ಹಿಡಿಕೆಯನ್ನಲ್ಲ, ಬಾಲ ಅಲಗಿಗೆ ಸೇರುವ ಕೊರಳನ್ನು. ಬಿಸಿನೀರಿನಿಂದಲೂ ನೊರೆಯಿಂದಲೂ ಕೂದಲು ಮೆದುವಾದ ಮೇಲೆ, ಇನ್ನೊಂದು ಕೈಯಿಂದ ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿದು, ಅಲಗನ್ನು ಚರ್ಮಕ್ಕೆ ಸುಮಾರು ಮೂವತ್ತು ಡಿಗ್ರಿ ಓರೆಯಾಗಿಟ್ಟು, ಕೂದಲು ಬೆಳೆದ ದಿಕ್ಕಿನಲ್ಲಿಯೇ ಭಾರ ಹಾಕದೆ ಇಳಿಸಬೇಕು. ಓರೆ ಕಡಿಮೆಯಾದರೆ ಅಲಗು ಕೂದಲನ್ನು ಕತ್ತರಿಸದೆ ಜಗ್ಗುತ್ತದೆ, ಹೆಚ್ಚಾದರೆ ಚರ್ಮಕ್ಕೆ ಇಳಿಯುತ್ತದೆ. ಅಲಗು ಉದ್ದಕ್ಕೆ ಜಾರಿತೆಂದರೆ ಗಾಯ ಖಂಡಿತ. ಅದಕ್ಕಾಗಿಯೇ ಮೊದಲ ದಿನಗಳಲ್ಲಿ ಸಮತಟ್ಟಾದ ಕೆನ್ನೆಗಳಿಗೆ ಮಾತ್ರ ಕತ್ತಿ ತಾಗಿಸಿ, ಗಲ್ಲದ ತಿರುವನ್ನೂ ಮೇಲ್ದುಟಿಯನ್ನೂ ಕೈ ಪಳಗಿದ ಮೇಲಕ್ಕೆ ಬಿಡುವುದು ವಾಡಿಕೆ. ಎರಡೂ ಕೈಗಳನ್ನು ಪಳಗಿಸಿಕೊಳ್ಳುವುದಕ್ಕೆ ಕೆಲವು ವಾರಗಳು ಬೇಕು, ಅಷ್ಟೆ.

ಅಲಗಿನ ಪಾಠ ಇಷ್ಟು ಬೇಗ ಮುಗಿಯುವಂಥದ್ದಲ್ಲ. ಹಳೆಯ ಪದ್ಧತಿಯಲ್ಲಿ ಕಬ್ಬಿಣದ ಪಟ್ಟಿಗಳನ್ನು ಇದ್ದಿಲ ಪುಡಿಯಲ್ಲಿ ಹೂತು ದಿನಗಟ್ಟಲೆ ಕಾಯಿಸಿ ಉಕ್ಕನ್ನು ಮಾಡುತ್ತಿದ್ದುದರಿಂದ ಇಂಗಾಲವು ಮೇಲ್ಪದರದಲ್ಲಿ ಹೆಚ್ಚಾಗಿಯೂ ಒಳಗೆ ಕಡಿಮೆಯಾಗಿಯೂ ಸೇರಿ, ನಡುನಡುವೆ ಕಿಟ್ಟದ ಗೆರೆಗಳೂ ಉಳಿದು, ಒಂದೇ ಅಲಗಿನ ಹದ ಜಾಗದಿಂದ ಜಾಗಕ್ಕೆ ಬೇರೆಯಾಗುತ್ತಿತ್ತು. ಗಡಿಯಾರದ ಸ್ಪ್ರಿಂಗಿಗೆ ತಕ್ಕ ಉಕ್ಕನ್ನು ಹುಡುಕುತ್ತಿದ್ದ ಬೆಂಜಮಿನ್ ಹಂಟ್ಸ್‌ಮನ್ ಎಂಬ ಇಂಗ್ಲಿಷ್ ಗಡಿಯಾರಗಾರನು 1740ರ ಸುಮಾರಿಗೆ ಶೆಫೀಲ್ಡಿನ ಬಳಿ ಉಕ್ಕನ್ನು ಜೇಡಿಮಣ್ಣಿನ ಮೂಸೆಯಲ್ಲಿ ಪೂರ್ತಿ ಕರಗಿಸಿ, ಎಲ್ಲೆಡೆ ಒಂದೇ ಹದವಿರುವ ಎರಕದ ಉಕ್ಕನ್ನು ಪಡೆಯುವಲ್ಲಿ ಯಶಸ್ವಿಯಾದನು. ಶೆಫೀಲ್ಡಿನ ಕತ್ತಿಗಾರರು ಅದು ತೀರ ಗಡಸೆಂದು ಮೊದಲು ದೂರವಿಟ್ಟರೆಂದೂ, ಅವನ ಸರಕು ಫ್ರಾನ್ಸಿಗೆ ಹೋಗಿ ಅಲ್ಲಿ ಹೆಸರಾದ ಮೇಲೆಯೇ ಊರವರ ಕಣ್ಣು ತೆರೆಯಿತೆಂದೂ ಪ್ರತೀತಿಯಿದೆ. ಸಾಧಾರಣ ಗೃಹಸ್ಥನ ಕೈಯಲ್ಲಿಯೂ ಹರಿತ ಉಳಿಸಿಕೊಳ್ಳಬಲ್ಲ ಕತ್ತಿ ಹೇರಳವಾಗಿ ದೊರೆಯುವಂತಾದದ್ದು ಈ ಉಕ್ಕಿನ ನಂತರ.

ಮೂಸೆಯಲ್ಲಿ ಉಕ್ಕು ಮಾಡುವುದು ದಕ್ಷಿಣ ಭಾರತಕ್ಕೆ ಅಷ್ಟರಲ್ಲಿ ಬಹಳ ಹಳೆಯ ವಿದ್ಯೆಯಾಗಿತ್ತು. 1800–1801ರಲ್ಲಿ ಮೈಸೂರು ಸೀಮೆಯಲ್ಲಿ ಸಂಚರಿಸಿದ ಈಸ್ಟ್ ಇಂಡಿಯಾ ಕಂಪನಿಯ ವೈದ್ಯ ಫ್ರಾನ್ಸಿಸ್ ಬುಕಾನನ್, ಕಬ್ಬಿಣದ ತುಂಡುಗಳನ್ನು ತಂಗಡಿ ಗಿಡದ ಕಡ್ಡಿಯೇ ಮೊದಲಾದ ಸಸ್ಯವಸ್ತುಗಳೊಡನೆ ಸಣ್ಣ ಮೂಸೆಗಳಲ್ಲಿ ಮುಚ್ಚಿ ಕಾಯಿಸುವ ಇಲ್ಲಿನ ಕ್ರಮವನ್ನು ವಿವರವಾಗಿ ಬರೆದಿದ್ದಾನೆ. ಅದಕ್ಕೂ ಮುಂಚೆ, 1794ರಲ್ಲಿ, ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸನಿಗೆ ಕಳುಹಿಸಿದ್ದನು. ಮರುವರ್ಷ ಜಾರ್ಜ್ ಪಿಯರ್ಸನ್ ಅದರ ಮೇಲೆ ಬರೆದ ಪ್ರಬಂಧದಲ್ಲಿ 'ವೂಟ್ಸ್' ಎಂಬ ಹೆಸರು ಅಚ್ಚಾಯಿತು. 1886ರಲ್ಲಿ ಹೊರಬಂದ 'ಹಾಬ್ಸನ್-ಜಾಬ್ಸನ್' ಎಂಬ ಆಂಗ್ಲೋ-ಇಂಡಿಯನ್ ಪದಕೋಶವು, ಇದು ಕನ್ನಡದ 'ಉಕ್ಕು' ಶಬ್ದವನ್ನು ಬರೆಯುವಲ್ಲಿ ಅಥವಾ ಓದುವಲ್ಲಿ ಆದ ತಪ್ಪಿನಿಂದ ಹುಟ್ಟಿದ ರೂಪವಿರಬಹುದೆಂದು ಊಹಿಸಿತು. ಆ ಊಹೆ ನಿಜವಾದರೆ, ಅಕ್ಷರದ ತಪ್ಪೊಂದು ಜಗತ್ತಿನ ಲೋಹಶಾಸ್ತ್ರದಲ್ಲಿ ಶಾಶ್ವತವಾಗಿ ಕುಳಿತಿರುವುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ.

ಆ ಮಾದರಿಗಳನ್ನು ಅಲಗಾಗಿಸಿ ನೋಡಿದವನು ಲಂಡನ್ನಿನಲ್ಲಿ ಶಸ್ತ್ರೋಪಕರಣಗಳನ್ನೂ ಕ್ಷೌರದ ಕತ್ತಿಗಳನ್ನೂ ಮಾಡುತ್ತಿದ್ದ ಜೇಮ್ಸ್ ಸ್ಟೋಡಾರ್ಟ್. ನವಿರಾದ ಬಾಯಿಗೆ ಇದಕ್ಕೆ ಸಮನಾದ ಉಕ್ಕಿಲ್ಲವೆಂಬುದು ಅವನ ಅಭಿಪ್ರಾಯವಾಗಿತ್ತು. ಅವನೊಡನೆ ಸೇರಿದ ವಿಜ್ಞಾನಿ ಮೈಕೆಲ್ ಫ್ಯಾರಡೆ 1819ರಲ್ಲಿ ಭಾರತೀಯ ಉಕ್ಕನ್ನು ವಿಶ್ಲೇಷಿಸಿ ಅದರ ಗುಣಕ್ಕೆ ಅಲ್ಯೂಮಿನಿಯಮ್ ಕಾರಣವೆಂದು ತಪ್ಪಾಗಿ ತೀರ್ಮಾನಿಸಿದನಾದರೂ, ಆ ತಪ್ಪಿನ ಬೆನ್ನು ಹತ್ತಿ ಇಬ್ಬರೂ ಉಕ್ಕಿಗೆ ಬೇರೆ ಬೇರೆ ಲೋಹಗಳನ್ನು ಬೆರೆಸುವ ಪ್ರಯೋಗಗಳಿಗೆ ಇಳಿದು 1820 ಮತ್ತು 1822ರಲ್ಲಿ ಪ್ರಬಂಧಗಳನ್ನು ಪ್ರಕಟಿಸಿದರು. ಐನೂರರಲ್ಲಿ ಒಂದು ಪಾಲು ಬೆಳ್ಳಿ ಸೇರಿಸಿದ ಉಕ್ಕು ಅವರಿಗೆ ಮೆಚ್ಚುಗೆಯಾಯಿತು, ಶೆಫೀಲ್ಡಿನ ಕತ್ತಿಗಳ ಮೇಲೆ 'ಸಿಲ್ವರ್ ಸ್ಟೀಲ್' ಎಂಬ ಮುದ್ರೆಯೂ ಕಾಣಿಸಿಕೊಂಡಿತು. ತನ್ನ ಹೊಸ ಉಕ್ಕಿನಿಂದ ಮಾಡಿಸಿದ ಕ್ಷೌರದ ಕತ್ತಿಗಳನ್ನು ಫ್ಯಾರಡೆ ಗೆಳೆಯರಿಗೆ ಉಡುಗೊರೆಯಾಗಿ ಕೊಡುತ್ತಿದ್ದನು.

ಎಂಥ ಉಕ್ಕಾದರೂ ಗಡ್ಡದ ಮುಂದೆ ಸವೆಯದೆ ಇರದು. ಕೂದಲು ಉಕ್ಕಿಗಿಂತ ಸುಮಾರು ಐವತ್ತು ಪಟ್ಟು ಮೆದುವಾದರೂ, ಕತ್ತರಿಸುವಾಗ ಅದು ಬಾಗಿ ಅಲಗಿನ ದುರ್ಬಲ ಜಾಗಗಳಿಂದ ಚೂರುಗಳನ್ನು ಕೀಳುತ್ತದೆಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2020ರಲ್ಲಿ ಸೂಕ್ಷ್ಮದರ್ಶಕದಡಿ ತೋರಿಸಿದರು. ಹಳಬರಿಗೆ ಕಾರಣ ತಿಳಿಯದಿದ್ದರೂ ಮದ್ದು ತಿಳಿದಿತ್ತು. ಪ್ರತಿ ಕ್ಷೌರಕ್ಕೂ ಮುಂಚೆ ಚರ್ಮದ ಪಟ್ಟಿಯ ಮೇಲೆ ಬೆನ್ನು ಮುಂದಾಗಿ ಬಾಯಿ ಹಿಂದಾಗಿ ಹತ್ತಾರು ಸಲ ತೀಡುವುದು ಮೊದಲನೆಯದು. ತಿಂಗಳುಗಳಿಗೊಮ್ಮೆ ಮಸೆಗಲ್ಲಿನ ಮೇಲೆ ಬಾಯಿ ಮುಂದಾಗಿ ಮಸೆಯುವುದು ಎರಡನೆಯದು. ತೀಡುವಾಗ ತಿರುವಿನಲ್ಲಿ ಕತ್ತಿ ಬೆನ್ನಿನ ಮೇಲೆ ಹೊರಳದೆ ಬಾಯಿಯ ಮೇಲೆ ಹೊರಳಿದರೆ ಚರ್ಮವೂ ಕೆಟ್ಟು ಅಲಗೂ ಕೆಡುತ್ತದೆ. ಹೊಸಬನು ತನ್ನ ಮುಖಕ್ಕಿಂತ ಹೆಚ್ಚಾಗಿ ಪಟ್ಟಿಯನ್ನೇ ಗಾಯಗೊಳಿಸುತ್ತಿದ್ದನೆಂದರೆ ತಪ್ಪಲ್ಲ. ಮಸೆಗಲ್ಲುಗಳಲ್ಲಿ ಬೆಲ್ಜಿಯಮ್ಮಿನ ಆರ್ಡೆನ್ ಬೆಟ್ಟಗಳ ಕೊಟಿಕ್ಯೂಲ್ ಎಂಬ ಹಳದಿ ಕಲ್ಲು ಪ್ರಸಿದ್ಧವಾದದ್ದು ಅದರೊಳಗಿನ ನುಣ್ಣನೆಯ ಗಾರ್ನೆಟ್ ಹರಳುಗಳಿಂದ. ಈ ಕಷ್ಟವೇ ಒಂದು ವ್ಯಾಪಾರವೂ ಆಯಿತು. ಲಂಡನ್ನಿನ ಜಾರ್ಜ್ ಪ್ಯಾಕ್‌ವುಡ್ 1790ರ ದಶಕದಲ್ಲಿ ತನ್ನ ಚರ್ಮದ ಪಟ್ಟಿಗಳಿಗಾಗಿ ಪತ್ರಿಕೆಗಳಲ್ಲಿ ಒಗಟು, ಹಾಡು, ಸಂಭಾಷಣೆಗಳ ರೂಪದ ಜಾಹೀರಾತುಗಳನ್ನು ಸುರಿಸಿ, 1796ರಲ್ಲಿ ಅವನ್ನೇ ಪುಸ್ತಕವಾಗಿ ಮಾರಿದನು. ಸಿರಿವಂತರು ವಾರದ ಏಳು ದಿನಗಳ ಹೆಸರು ಕೆತ್ತಿದ ಏಳು ಕತ್ತಿಗಳ ಪೆಟ್ಟಿಗೆಯನ್ನು ಇಟ್ಟುಕೊಂಡು ಪ್ರತಿ ಕತ್ತಿಗೂ ಆರು ದಿನದ ವಿಶ್ರಾಂತಿ ಕೊಡುತ್ತಿದ್ದರು.

ಕಾಪು ಇರುವ ಕತ್ತಿಯೇ ಈ ವಿದ್ಯೆಯನ್ನು ಕೊನೆಗಾಣಿಸಿತೆನ್ನುವವರಿಗೆ ಇತಿಹಾಸ ಒಪ್ಪಿಗೆ ಕೊಡುವುದಿಲ್ಲ. ಪೆರೆಯ ಕಾಪು ಹದಿನೆಂಟನೆಯ ಶತಮಾನದಲ್ಲಿಯೇ ಇತ್ತು. 1847ರಲ್ಲಿ ವಿಲಿಯಮ್ ಹೆನ್ಸನ್ ಗುದ್ದಲಿಯಂತೆ ಅಡ್ಡಹಿಡಿಕೆಯ ಕತ್ತಿಗೆ ಪೇಟೆಂಟ್ ಪಡೆದನು. 1880ರಲ್ಲಿ ನ್ಯೂಯಾರ್ಕಿನ ಕ್ಯಾಂಪ್ಫೆ ಸೋದರರ 'ಸೇಫ್ಟಿ ರೇಜರ್' ಬಂದಿತು. ಆದರೂ ಉದ್ದ ಕತ್ತಿ ಅಲುಗಲಿಲ್ಲ, ಏಕೆಂದರೆ ಕ್ಯಾಂಪ್ಫೆ ಕತ್ತಿಯ ಅಲಗನ್ನೂ ಬಿಚ್ಚಿ ಪಟ್ಟಿಯ ಮೇಲೆ ತೀಡಲೇಬೇಕಾಗಿತ್ತು. ಅಮೆರಿಕದ ಕಿಂಗ್ ಕ್ಯಾಂಪ್ ಜಿಲೆಟ್ ತೆಗೆದುಹಾಕಿದ್ದು ಈ ತೀಡುವಿಕೆಯನ್ನು. ತೆಳು ತಗಡಿನ, ಬಳಸಿ ಎಸೆಯುವ ಅವನ ಬ್ಲೇಡು ಮಾರಾಟದ ಮೊದಲ ವರ್ಷವಾದ 1903ರಲ್ಲಿ 168ರಷ್ಟೇ ಹೋದರೂ, ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನಿಕರಿಗಾಗಿ ಸುಮಾರು 35 ಲಕ್ಷ ರೇಜರುಗಳು ಪೂರೈಕೆಯಾದವು. ಮನೆಗೆ ಮರಳಿದ ಆ ತಲೆಮಾರಿಗೆ ಮಸೆಯುವುದನ್ನು ಕಲಿಯುವ ಪ್ರಮೇಯವೇ ಬರಲಿಲ್ಲ.

ಉದ್ದ ಕತ್ತಿ ಕ್ಷೌರಿಕರ ಕೈಯಲ್ಲಿ ಇನ್ನೂ ಬಹುಕಾಲ ಉಳಿಯಿತು. ರಕ್ತದಿಂದ ಹರಡುವ ರೋಗಗಳ, ಅದರಲ್ಲಿಯೂ ಏಡ್ಸ್‌ನ ತಿಳಿವಳಿಕೆ ಹಬ್ಬಿದ ಮೇಲೆ ಕರ್ನಾಟಕದ ಕ್ಷೌರದಂಗಡಿಗಳಲ್ಲಿಯೂ ಅದು ಹಿಂದೆ ಸರಿದು, ನೋಟಕ್ಕೆ ಅದೇ ಮಡಚುಗತ್ತಿಯಂತಿದ್ದರೂ ಬಾಯಿಯ ಜಾಗದಲ್ಲಿ ಮುರಿದ ಅರ್ಧ ಬ್ಲೇಡನ್ನು ಸಿಕ್ಕಿಸುವ ಹಿಡಿಕೆ ಬಂದಿತು. ಗಿರಾಕಿಯ ಮುಖ ಮುಗಿದೊಡನೆ ಆ ಬ್ಲೇಡನ್ನು ತೆಗೆದು ಎಸೆಯುತ್ತಾರೆ.