ಕಮ್ಮಾರನ ಮಗ ಕಟ್ಟಿದ ಕಾಲೇಜು ನಿಧಿ

ಶಾಸಕರು ಊರಿಗೆ ಬಂದರೆಂದರೆ ನಮ್ಮ ಜನ ಕೇಳುವುದು ರಸ್ತೆ, ಚರಂಡಿ, ಸಮುದಾಯ ಭವನ. ಕೇಳುವುದು ತಪ್ಪೇನಲ್ಲ, ಅದೂ ಬೇಕು. ಆದರೆ ಮತ ಹಾಕಿದವರ ಮಕ್ಕಳಿಗೆ ಕಸುಬಿನ ವಿದ್ಯೆ ಸಿಗಬೇಕು, ಅದಕ್ಕೆ ಇಟ್ಟ ದುಡ್ಡು ಎಂದಿಗೂ ಕರಗಬಾರದು ಎಂದು ಲೆಕ್ಕ ಹಾಕಿದ ಶಾಸಕರೊಬ್ಬರು ಅಮೆರಿಕದಲ್ಲಿ ಇದ್ದರು. ಸಹಕಾರಿ ಬಂಧುಗಳಾದ ನಾವು ಅವರ ಕಥೆ ತಿಳಿದಿರುವುದು ಒಳ್ಳೆಯದು.

ಅವರ ಹೆಸರು ಜಸ್ಟಿನ್ ಮಾರಿಲ್. ವರ್ಮಾಂಟ್ ರಾಜ್ಯದ ಸ್ಟ್ರಾಫರ್ಡ್ ಎಂಬ ಹಳ್ಳಿಯಲ್ಲಿ 1810ರಲ್ಲಿ ಹುಟ್ಟಿದವರು. ತಂದೆ ಕಮ್ಮಾರರು. ಹುಡುಗ ಚಿಕ್ಕ ವಯಸ್ಸಿಗೇ ಶಾಲೆ ಬಿಟ್ಟು ಅಂಗಡಿ ಗುಮಾಸ್ತನಾದ. ಕಾಲೇಜಿನ ಮೆಟ್ಟಿಲು ಹತ್ತಲೇ ಇಲ್ಲ. ವ್ಯಾಪಾರದಲ್ಲಿ ನಾಲ್ಕು ಕಾಸು ಕಂಡ ಮೇಲೆ ಊರಲ್ಲೇ ಬೇಸಾಯ ಮಾಡಿಕೊಂಡಿದ್ದವರು 1855ರಲ್ಲಿ ಪ್ರತಿನಿಧಿ ಸಭೆಗೆ ಬಂದರು. ನಮ್ಮ ಲೋಕಸಭೆ ಇದ್ದಂತೆ ಅದು. 1867ರಲ್ಲಿ ಸೆನೆಟ್ ಸೇರಿ, 1898ರ ಡಿಸೆಂಬರ್‌ನಲ್ಲಿ ತೀರಿಕೊಳ್ಳುವ ತನಕ ಅಲ್ಲೇ ಇದ್ದರು. ಸುಮಾರು 44 ವರ್ಷದ ಸೇವೆ!

ಆಗಿನ ಕಾಲೇಜುಗಳಲ್ಲಿ ಲ್ಯಾಟಿನ್, ಗ್ರೀಕ್ ಓದಿ ಪಾದ್ರಿ, ವಕೀಲ, ವೈದ್ಯರಾಗುವವರೇ ಹೆಚ್ಚು. ಹೊಲ ಉಳುವವನ ಮಗನಿಗೆ, ಕುಲುಮೆ ಊದುವವನ ಮಗನಿಗೆ ಅಲ್ಲೇನಿತ್ತು? ಇತ್ತ ಹಳೆಯ ರಾಜ್ಯಗಳಲ್ಲಿ ಭೂಮಿಯ ಸಾರ ಇಳಿಯುತ್ತಾ ಬಂದಿತ್ತು, ಯುವಕರು ಗುಂಪುಗುಂಪಾಗಿ ಪಶ್ಚಿಮಕ್ಕೆ ಗುಳೆ ಹೊರಟಿದ್ದರು. ರೈಲ್ವೆ ಕಂಪನಿಗಳಿಗೆ ಸರ್ಕಾರಿ ಜಮೀನು ಕೊಡುವುದಾದರೆ ರೈತರ ವಿದ್ಯೆಗೆ ಯಾಕೆ ಕೊಡಬಾರದು ಎಂಬುದು ಮಾರಿಲ್ ಅವರ ವಾದ. ಇಂಥ ಕಾಲೇಜು ಬೇಕೆಂದು ಇಲಿನಾಯ್‌ನ ಜೊನಾಥನ್ ಬಾಲ್ಡ್ವಿನ್ ಟರ್ನರ್ ಮೊದಲಾದವರು ಅದಾಗಲೇ ದನಿ ಎತ್ತಿದ್ದರು. ಶಾಸನ ಮಾಡಿಸಿದ್ದು ಮಾರಿಲ್.

ಕೆಲಸ ಸಲೀಸಾಗಿ ಆಗಲಿಲ್ಲ. 1857ರ ಡಿಸೆಂಬರ್‌ನಲ್ಲಿ ಮಸೂದೆ ತಂದರು. ಪ್ರತಿನಿಧಿ ಸಭೆಯಲ್ಲಿ 105ಕ್ಕೆ 100, ಸೆನೆಟ್‌ನಲ್ಲಿ 25ಕ್ಕೆ 22 ಮತಗಳಿಂದ ಅಂತೂ ಇಂತೂ ಪಾಸಾಯಿತು. ಆದರೆ 1859ರ ಫೆಬ್ರವರಿಯಲ್ಲಿ ಅಧ್ಯಕ್ಷ ಬುಕ್ಯಾನನ್ ಸಹಿ ಹಾಕದೆ ವಾಪಸು ಕಳಿಸಿದರು. ಖಜಾನೆಯಲ್ಲಿ ಹಣವಿಲ್ಲ, ಇದು ಸಂವಿಧಾನಕ್ಕೆ ಹೊಂದುವುದಿಲ್ಲ, ರಾಜ್ಯಗಳು ಕೇಂದ್ರದ ಮುಂದೆ ಕೈ ಒಡ್ಡುವಂತಾಗುತ್ತದೆ ಎಂದು ಕಾರಣ ಕೊಟ್ಟರು. ಮಾರಿಲ್ ಬಿಡಲಿಲ್ಲ. ಅಂತರ್ಯುದ್ಧ ಶುರುವಾಗಿ ದಕ್ಷಿಣದ ವಿರೋಧಿಗಳು ಸಭೆಯಿಂದ ಹೊರಹೋದ ಮೇಲೆ ಮಸೂದೆ ಮತ್ತೆ ಬಂತು. 1862ರ ಜುಲೈ 2ರಂದು ಅಬ್ರಹಾಂ ಲಿಂಕನ್ ಸಹಿ ಹಾಕಿದರು.

ಇನ್ನು ಲೆಕ್ಕಕ್ಕೆ ಬರೋಣ. ನಮಗೆ ಬೇಕಾದ್ದು ಅದೇ. ಪ್ರತಿ ರಾಜ್ಯಕ್ಕೆ ಅದರ ಒಬ್ಬೊಬ್ಬ ಸೆನೆಟರ್, ಒಬ್ಬೊಬ್ಬ ಪ್ರತಿನಿಧಿಯ ಲೆಕ್ಕದಲ್ಲಿ ತಲಾ 30,000 ಎಕರೆ. ಪುಟ್ಟ ವರ್ಮಾಂಟ್‌ಗೆ 1,50,000 ಎಕರೆ, ದೊಡ್ಡ ನ್ಯೂಯಾರ್ಕ್‌ಗೆ 9,90,000 ಎಕರೆ. ಜಮೀನು ಮಾರಿ ಬಂದ ಹಣವನ್ನು ಶೇಕಡ 5ಕ್ಕೆ ಕಡಿಮೆಯಿಲ್ಲದ ಬಡ್ಡಿ ಬರುವ ಭದ್ರ ಸಾಲಪತ್ರಗಳಲ್ಲಿ ತೊಡಗಿಸಬೇಕು. ಕಾಲೇಜು ನಡೆಯಬೇಕಾದ್ದು ಬಡ್ಡಿಯಿಂದ. ನಿವೇಶನಕ್ಕೂ ಪ್ರಯೋಗದ ಹೊಲಕ್ಕೂ ಬೇಕಾದರೆ ಶೇಕಡ 10ರವರೆಗೆ ತೆಗೆಯಬಹುದು; ಕಟ್ಟಡಕ್ಕೆ ಬಿಡಿಗಾಸೂ ಇಲ್ಲ. ಅಸಲು ಕಡಿಮೆಯಾದರೆ ರಾಜ್ಯವೇ ತುಂಬಿಕೊಡಬೇಕು. 5 ವರ್ಷದೊಳಗೆ ಕಾಲೇಜು ತೆರೆಯದಿದ್ದರೆ ಮಾರಿದ ಜಮೀನಿನ ಹಣ ಕೇಂದ್ರಕ್ಕೆ ವಾಪಸು. ವರ್ಷ ವರ್ಷ ವರದಿಯನ್ನೂ ಒಪ್ಪಿಸಬೇಕು. ಕೂತು ಉಂಬವನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮ ಹಿರಿಯರು ಹೇಳುವುದಿಲ್ಲವೇ? ನಮ್ಮ ಸಂಘಗಳ ಮೀಸಲು ನಿಧಿಯ ಹಿಂದೆ ಇರುವುದೂ ಇದೇ ಬುದ್ಧಿ.

ನಿಯಮ ಎಷ್ಟೇ ಚೆನ್ನಾಗಿದ್ದರೂ ಆಡಳಿತ ಮಾಡುವವರ ಮೇಲೆ ಫಲ ನಿಂತಿದೆ. ಹಲವು ರಾಜ್ಯಗಳು ತಮ್ಮ ಪಾಲಿನ ಭೂಪತ್ರಗಳನ್ನು ಅವಸರದಲ್ಲಿ ಒಟ್ಟಿಗೇ ಮಾರಿ, ಎಕರೆಗೆ ಒಂದು ಡಾಲರ್ ಕೂಡ ಕಾಣಲಿಲ್ಲ. ಆಗ ಸರ್ಕಾರಿ ಜಮೀನಿನ ಸಾಮಾನ್ಯ ಬೆಲೆ ಎಕರೆಗೆ ಒಂದೂಕಾಲು ಡಾಲರ್. ನ್ಯೂಯಾರ್ಕ್‌ನಲ್ಲಿ ಎಜ್ರಾ ಕಾರ್ನೆಲ್ ಎಂಬ ಉದ್ಯಮಿ ಮಾತ್ರ ಆ ಪತ್ರಗಳ ಮೇಲೆ ವಿಸ್ಕಾನ್ಸಿನ್‌ನ ಪೈನ್ ಕಾಡು ಹಿಡಿದು, ಬೆಲೆ ಏರುವ ತನಕ ಕಾಯುವ ಏರ್ಪಾಡು ಮಾಡಿದರು. ಕಾರ್ನೆಲ್ ವಿಶ್ವವಿದ್ಯಾಲಯದ ಬಂಡವಾಳ ಬೆಳೆದದ್ದು ಹಾಗೆ.

ಬಡ್ಡಿಯೊಂದರಿಂದಲೇ ಕಾಲೇಜುಗಳ ಖರ್ಚು ತೂಗಲಿಲ್ಲ. ಮಾರಿಲ್ 1870ರ ದಶಕದಿಂದಲೇ ಮತ್ತೆ ಮತ್ತೆ ಮಸೂದೆ ತಂದು, ಕೊನೆಗೆ 1890ರಲ್ಲಿ, ತಮ್ಮ ಎಂಬತ್ತನೆಯ ವಯಸ್ಸಿನಲ್ಲಿ ಗೆದ್ದರು. ಪ್ರತಿ ರಾಜ್ಯಕ್ಕೆ ಮೊದಲ ವರ್ಷ 15,000 ಡಾಲರ್, ಏರುತ್ತಾ ಹೋಗಿ ವರ್ಷಕ್ಕೆ 25,000. ಪ್ರವೇಶದಲ್ಲಿ ಬಣ್ಣದ ಭೇದ ಮಾಡಕೂಡದು, ಮಾಡುವುದಾದರೆ ಕರಿಯರಿಗೆ ಬೇರೆ ಕಾಲೇಜು ನಡೆಸಬೇಕು ಎಂಬ ಷರತ್ತೂ ಇತ್ತು. ದಕ್ಷಿಣದಲ್ಲಿ ಕರಿಯರ ಕಾಲೇಜುಗಳು ಎದ್ದದ್ದು ನಿಜ. ಅವಕ್ಕೆ ಸಮಪಾಲು ಸಿಗದೆ ಹೋದದ್ದೂ ನಿಜ.

ಇನ್ನೊಂದು ಮಾತು ಮುಚ್ಚಿಡಬಾರದು. ಹಂಚಿದ ಒಂದು ಕೋಟಿಗೂ ಹೆಚ್ಚು ಎಕರೆ ಬೀಡುಭೂಮಿಯಾಗಿರಲಿಲ್ಲ. ಅಲ್ಲಿನ ಮೂಲನಿವಾಸಿಗಳಿಂದ ಒಪ್ಪಂದ ಎಂತಲೋ, ಬಲವಂತದಿಂದಲೋ ಪಡೆದದ್ದು ಅದು. ಅವರ ಕಾಲೇಜುಗಳು ಈ ಪಟ್ಟಿಗೆ ಸೇರಿದ್ದು 1994ರಲ್ಲಿ, ಅಂದರೆ 132 ವರ್ಷ ಕಳೆದ ಮೇಲೆ. ಒಬ್ಬರ ಮಕ್ಕಳ ವಿದ್ಯೆಗೆ ಇನ್ನೊಬ್ಬರ ನೆಲ ಹೋಯಿತು ಎಂಬುದನ್ನೂ ಜಮಾಖರ್ಚಿನಲ್ಲಿ ಬರೆಯಲೇಬೇಕು.

ಈ ನೀರು ನಮ್ಮ ಹೊಲಕ್ಕೂ ಹರಿದಿದೆ. ಪಾಠ, ಸಂಶೋಧನೆ, ರೈತರಿಗೆ ತಿಳಿವಳಿಕೆ ಮೂರೂ ಒಂದೇ ಸೂರಿನಡಿ ಇರಬೇಕೆಂಬ ಆ ಕಾಲೇಜುಗಳ ಮಾದರಿಯಲ್ಲೇ 1960ರಲ್ಲಿ ಪಂತನಗರದ ವಿಶ್ವವಿದ್ಯಾಲಯವೂ, 1964ರಲ್ಲಿ ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯವೂ ಹುಟ್ಟಿದವು. ಬೆಂಗಳೂರಿಗೆ ಕೈಜೋಡಿಸಿದ ಟೆನ್ನೆಸ್ಸಿ ವಿಶ್ವವಿದ್ಯಾಲಯ ಮಾರಿಲ್ ಕಾಯ್ದೆಯ ಫಲ ಉಂಡದ್ದೇ. 1986ರಲ್ಲಿ ಧಾರವಾಡದ್ದೂ ಬಂತು. ಹೊಸ ತಳಿಯ ರಾಗಿ ಬಿತ್ತುವ ನಮ್ಮ ರೈತನಿಗೆ ವರ್ಮಾಂಟ್‌ನ ಕಮ್ಮಾರನ ಮಗ ಅಷ್ಟರಮಟ್ಟಿಗೆ ನೆಂಟ.

ಮತದಾರರ ಸೇವೆ ಎಂದರೆ ಇಂದು ಕೇಳಿದ್ದನ್ನು ಇಂದೇ ಕೊಡುವುದಷ್ಟೇ ಅಲ್ಲ. ಅವರ ಮೊಮ್ಮಕ್ಕಳು ಏನು ಕೇಳಿಯಾರು ಎಂದು ಯೋಚಿಸುವುದೂ ಹೌದು. ನಮ್ಮ ಶಾಸಕರ ಮುಂದೆ ಅರ್ಜಿ ಹಿಡಿದು ನಿಂತಾಗ, ಸಮುದಾಯ ಭವನದ ಜೊತೆಗೆ ಐಟಿಐ, ಪಾಲಿಟೆಕ್ನಿಕ್‌ಗಳ ಕಾರ್ಯಾಗಾರಕ್ಕೆ ಯಂತ್ರ, ಕಲಿಸಲು ಬೋಧಕರು ಬೇಕೆಂದೂ ಬರೆಯೋಣ. ಸಂಘದ ಸರ್ವಸದಸ್ಯರ ಸಭೆಯಲ್ಲಿ ಲಾಭ ಹಂಚುವಾಗ ಶಿಕ್ಷಣ ನಿಧಿಯ ಬಾಬ್ತು ಬಂದರೆ ಗೊಣಗದೆ ಕೈ ಎತ್ತೋಣ. ಇಪ್ಪತ್ತೈದು ವರ್ಷ ಅಸಲನ್ನು ಕಾಪಾಡಿಕೊಂಡು ಬಂದ ನಮ್ಮ ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ, ಆ ಹೊತ್ತಿಗೆ ಊರಿನ ಮನೆಮನೆಯಲ್ಲೂ ಒಬ್ಬ ಕಸುಬು ಕಲಿತ ಮಗನೋ ಮಗಳೋ ಇರಲಿ ಎಂದು ಹಾರೈಸುತ್ತೇನೆ.